ಅಳತೆಯ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ದಿನ ಸಾಗರದ ಕೈಗಾರಿಕಾ ವಸಾಹತಿನಲ್ಲಿ ಉಕ್ಕು ಕಡೆಯುವ ಒಂದು ಲೇತೂ ನಿಲ್ಲಲಿಲ್ಲ. ಸುದ್ದಿ ಬರೆಯಬೇಕಿದ್ದ ನಾನು ವಾಡಿಕೆಯಂತೆ ಅವರು ಕಟ್ಟಿದ ವರ್ಕ್‌ಶಾಪುಗಳ ಗುಂಪಿನ ಕಾರ್ಯದರ್ಶಿಗೆ ಫೋನು ಮಾಡಿ, ಇವತ್ತು ಶೆಡ್ಡುಗಳಿಗೆಲ್ಲ ರಜೆಯೇ ಎಂದು ಕೇಳಿದೆ. ಅಂಥ ಸಾವುಗಳ ಸುದ್ದಿಯಲ್ಲಿ 'ಗೌರವಾರ್ಥ ಬಂದ್' ಎಂಬ ಸಾಲೊಂದು ಇರುತ್ತದೆ. ಯಂತ್ರದ ಸದ್ದಿನ ನಡುವೆ ಆಚೆಯಿಂದ ಉತ್ತರ ಬಂತು:

"ರಜೆ ಎಂತಕ್ಕೆ? ಸಂಜೆ ಲೋಡು ಹೋಗ್ಬೇಕು. ಮೆಷಿನ್ ನಿಲ್ಸಿದ್ರೆ ಅವ್ರೇ ಎದ್ದು ಬಂದು ಬೈತಾರೆ."

ಒಬ್ಬರ ಯಂತ್ರವನ್ನು ಇನ್ನೊಬ್ಬರು ನೋಡಿಕೊಂಡು, ಸರದಿಯ ಮೇಲೆ ಎಲ್ಲರೂ ಹೋಗಿ ಮುಖ ನೋಡಿ ಬಂದರು. ಸಂಜೆ ಲೋಡು ಹೋಯಿತು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಆ ನಾಲ್ಕು ಸಾಲಿನಲ್ಲಿ ತಪ್ಪಿರಲಿಲ್ಲವೆಂದು ಅಂದುಕೊಂಡಿದ್ದೇನೆ. ಇದ್ದರೂ ಫೋನು ಮಾಡಿ ಹೇಳುವವರು ಇನ್ನಿಲ್ಲ.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ದೂರದ ಊರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮಾಲಿನ ಅಳತೆ ತಪಾಸಣೆ ಮಾಡುತ್ತ ಇಡೀ ವೃತ್ತಿಜೀವನ ಕಳೆದು, ನಿವೃತ್ತರಾಗಿ ಊರಿಗೆ ಮರಳಿದವರು. ಯಾರು ಏನೇ ಹೇಳಿದರೂ ಅದರಲ್ಲೊಂದು ತಿದ್ದುಪಡಿ ಸೂಚಿಸುವ ಅಭ್ಯಾಸ ಇದ್ದುದರಿಂದ ಜನ ಅವರನ್ನು ಮೇಷ್ಟ್ರೇ ಎಂದು ಕರೆದರು. ಆ ಹೆಸರಿಗೂ ಅವರದೊಂದು ತಿದ್ದುಪಡಿ ಇತ್ತು. "ಮೇಷ್ಟ್ರು ಅಲ್ಲ, ಇನ್‌ಸ್ಪೆಕ್ಟರ್" ಎನ್ನುತ್ತಿದ್ದರು. ಇನ್‌ಸ್ಪೆಕ್ಟರ್ ಅಂದರೆ ನಮ್ಮ ಕಡೆ ಪೊಲೀಸರು. ಹಾಗಾಗಿ ಮೇಷ್ಟ್ರೇ ಉಳಿಯಿತು.

ನನಗೆ ಅವರ ಪರಿಚಯವಾದದ್ದು ಇಂಥದೇ ತಿದ್ದುಪಡಿಯಿಂದ. ಸಭೆಯೊಂದರ ವರದಿಯಲ್ಲಿ ನಾನು 'ಸುಮಾರು ನೂರು ಜನ ಭಾಗವಹಿಸಿದ್ದರು' ಎಂದು ಬರೆದಿದ್ದೆ. ಬೆಳಿಗ್ಗೆ ಏಳಕ್ಕೆ ಫೋನು ಬಂತು.

"ಸುಮಾರು ಅಂದ್ರೆ ಎಷ್ಟು ಮಾರಾಯ್ರೆ?"

"ತೊಂಬತ್ತೈದೋ ನೂರೈದೋ ಇರಬಹುದು."

"ಹಂಗೆ ಬರೀರಿ. ನೂರು, ಹೆಚ್ಚು ಕಮ್ಮಿ ಐದು. ಸುಮಾರು ಅನ್ನೋದು ಅಳತೆ ಅಲ್ಲ, ಸೋಮಾರಿತನ."

ಅಂದಿನಿಂದ ವಾರಕ್ಕೊಂದು ಫೋನಾದರೂ ಬರುತ್ತಿತ್ತು. ನಮ್ಮ ಕಚೇರಿಯಲ್ಲಿ ಕರಡು ತಿದ್ದುವವರು ಇಬ್ಬರಿದ್ದರು. ಮೂರನೆಯವರು ಸಾಗರದಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದಾರೆ ಎಂದು ನಾನು ಸಂಪಾದಕರಿಗೆ ಹೇಳುತ್ತಿದ್ದೆ.

ಕಬ್ಬಿಣದ ಯಾವ ವಸ್ತು ಕಂಡರೂ ಅದನ್ನು ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಬಸ್ಸಿನ ಕಂಬಿ, ಬ್ಯಾಂಕಿನ ಗೇಟು, ಆಸ್ಪತ್ರೆಯ ಮಂಚ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಮೇಳಿಗೆಯಲ್ಲೊಂದು ಮದುವೆಯ ಊಟಕ್ಕೆ ನನ್ನ ಪಕ್ಕವೇ ಕೂತಿದ್ದರು. ಬಡಿಸಿದ ಹೋಳಿಗೆಯನ್ನು ಬೆರಳಲ್ಲಿ ಸುತ್ತ ಸವರಿ, "ಅಂಚು ಒಂದೇ ಸಮ ಇಲ್ಲ" ಎಂದರು. ಬಡಿಸುವವನ ಮುಖ ಸಪ್ಪಗಾಯಿತು. ಆ ಮೇಲೆ ನಾಲ್ಕು ಹೋಳಿಗೆ ತಿಂದರು. ಪ್ರತಿಯೊಂದನ್ನೂ ಸವರಿ ನೋಡಿಯೇ ತಿಂದರು.

ಅವರು ಊರಿಗೆ ಬಂದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸೇರಿ ಆರು ಸಣ್ಣ ವರ್ಕ್‌ಶಾಪುಗಳಿದ್ದವು. ಪಂಪ್‌ಸೆಟ್ಟಿನ ಶಾಫ್ಟು, ಟಿಲ್ಲರಿನ ಪಿನ್ನು, ಹೀಗೆ ಬಂದ ಕೆಲಸ ಮಾಡಿಕೊಂಡಿದ್ದ ಶೆಡ್ಡುಗಳು. ಎಲ್ಲರಿಗೂ ಆಸೆ ಒಂದೇ, ವಾಹನ ತಯಾರಿಸುವ ಕಂಪನಿಯೊಂದರ ಕಾಯಂ ಆರ್ಡರು. ಆದರೆ ಕಂಪನಿಗೆ ಬೇಕಾದಷ್ಟು ಮಾಲನ್ನು ಒಂದು ಶೆಡ್ಡು ಮಾಡಿ ಮುಗಿಸಲಾರದು. ಆರೂ ಸೇರಿದರೆ ಆಗುತ್ತದೆ. ಸೇರುವುದೇ ತೊಂದರೆ. ಒಬ್ಬರ ಶೆಡ್ಡಿಗೆ ಇನ್ನೊಬ್ಬರು ಬಂದರೆ ಯಂತ್ರದ ಮೇಲೆ ಗೋಣಿಚೀಲ ಮುಚ್ಚುತ್ತಿದ್ದ ಕಾಲ ಅದು. ಮುಚ್ಚಿಡುವಂಥ ಗುಟ್ಟು ಯಾರ ಬಳಿಯೂ ಇರಲಿಲ್ಲ ಎಂಬುದು ಬೇರೆ ಮಾತು.

ಮೇಷ್ಟ್ರು ಆರೂ ಮಾಲೀಕರನ್ನು ಒಂದು ಭಾನುವಾರ ಇಕ್ಕೇರಿಗೆ ಕರೆಸಿದರು. ಯಾರ ಶೆಡ್ಡಿಗೂ ಯಾರೂ ಹೋಗಲೊಪ್ಪದ ಕಾರಣ ದೇವಸ್ಥಾನದ ಆವರಣದ ಹುಲ್ಲಿನ ಮೇಲೆ ಕೂರಿಸಿದರು. ಮೊದಲೇ ಪ್ರತಿಯೊಬ್ಬರಿಂದ ಒಂದೊಂದು ಬುಷ್ ಮಾಡಿಸಿ ತರಿಸಿಕೊಂಡಿದ್ದರು. ಬುಷ್ ಎಂದರೆ ಲಾರಿಯ ಸಸ್ಪೆನ್ಶನ್ನಿನಲ್ಲಿ ಕೂರುವ, ನಡುವೆ ತೂತಿರುವ ಉಕ್ಕಿನ ಬಳೆ. ಆರನ್ನೂ ಒಂದು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟು, "ನಿಮ್ ನಿಮ್ದು ಎತ್ಕಳಿ" ಎಂದರು. ನಾಲ್ಕು ಜನರ ಕೈ ಒಂದೇ ಬುಷ್ಷಿನ ಮೇಲೆ ಬಿತ್ತು. ಅದು ಆ ನಾಲ್ವರಲ್ಲಿ ಯಾರದೂ ಆಗಿರಲಿಲ್ಲ. ಅದನ್ನು ಮಾಡಿದ್ದ ಹೊಸನಗರದವರು ಮೂಲೆಯಲ್ಲಿದ್ದ ಅಡ್ಡಾದಿಡ್ಡಿ ಬುಷ್ ಎತ್ತಿಕೊಂಡು, ಇದೇ ನನ್ನದಿರಬೇಕು ಎಂದು ಕೂತಿದ್ದರು.

"ನೋಡ್ರಿ" ಎಂದರಂತೆ ಮೇಷ್ಟ್ರು. "ನಿಮ್ ಕೆಲ್ಸ ನಿಮ್ಗೇ ಗುರ್ತು ಸಿಗಲ್ಲ. ಅದನ್ನ ಗೋಣಿ ಹಾಕಿ ಮುಚ್ತೀರಿ."

ಆ ಮೇಲೆ ಅವರು ಹೊಸದೇನನ್ನೂ ಕಲಿಸಲಿಲ್ಲ. ನಮ್ಮಲ್ಲಿ ನಾಟಿಯ ಹೊತ್ತಿಗೆ ಮುಯ್ಯಾಳಿನ ಪದ್ಧತಿ ಇದೆ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಗದ್ದೆಯಲ್ಲಿ ಮಾಡುವುದನ್ನು ಲೇತಿನ ಮೇಲೆ ಮಾಡಿ ಎಂದರು. ತೀರ್ಥಹಳ್ಳಿಯಲ್ಲಿ ಕರೆಂಟು ಹೋದರೆ ಅಲ್ಲಿನವರು ಸಾಗರಕ್ಕೆ ಬಂದು ಇಲ್ಲಿನ ಯಂತ್ರದಲ್ಲಿ ತಮ್ಮ ಪಾಲು ಮುಗಿಸಿಕೊಂಡು ಹೋಗತೊಡಗಿದರು. ಉಕ್ಕು ಒಟ್ಟಿಗೆ ತರಿಸಿದರು. ಗ್ರೈಂಡಿಂಗ್ ಯಂತ್ರ ಇದ್ದವರು ಎಲ್ಲರ ಮಾಲಿಗೂ ಗ್ರೈಂಡಿಂಗ್ ಮಾಡಿದರು. ಮಾಲು ಒಂದೇ ಗಾಡಿಯಲ್ಲಿ ಹೋಯಿತು. ಹೊರಜಿಲ್ಲೆಯ ಕಂಪನಿಯೊಂದು ಬುಷ್ಷಿನ ಆರ್ಡರು ಕೊಟ್ಟಿತು. ಗೋಣಿಚೀಲಗಳು ಕಾಲೊರೆಸುವ ಕೆಲಸಕ್ಕೆ ಬಂದವು.

ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಗೇಜು. ಒಂದು ತುದಿಗಿಂತ ಇನ್ನೊಂದು ತುದಿ ತುಸುವೇ ದಪ್ಪವಿರುವ ನುಣುಪಾದ ಉಕ್ಕಿನ ಕಡ್ಡಿ. ಒಂದು ತುದಿ ಬುಷ್ಷಿನ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು. ಎರಡೂ ಹೋದರೆ ತೂತು ದೊಡ್ಡದಾಗಿದೆ, ಬುಷ್ ಗುಜರಿಗೆ. ಈ ಗೇಜಿನ ಉಸ್ತುವಾರಿ ಮೇಷ್ಟ್ರದು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಕೈಯ ಕಾವಿಗೆ ಉಕ್ಕು ಹಿಗ್ಗುತ್ತದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಹಿಗ್ಗಿದರೂ ಅಳತೆ ಕೆಡುತ್ತದೆ ಎಂದು ಅವರು ಕಂಡಕಂಡವರಿಗೆ ಪಾಠ ಹೇಳುತ್ತಿದ್ದರು. ತಾವೂ ಅದನ್ನು ಬರಿಗೈಯಲ್ಲಿ ಹಿಡಿಯುತ್ತಿರಲಿಲ್ಲ. ಉಣ್ಣೆಯ ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು ಮನೆಗೆ ಒಯ್ಯುತ್ತಿದ್ದರು, ಬೆಳಿಗ್ಗೆ ಅದನ್ನು ಎದೆಗವಚಿಕೊಂಡು ಸುತ್ತಿಗೆ ಹೊರಡುತ್ತಿದ್ದರು. ಸಾಗರದ ಶೆಡ್ಡುಗಳು ದಿನಾಲೂ, ಉಳಿದೆರಡು ಊರಿನ ಮಾಲು ಮಧ್ಯಾಹ್ನದ ಬಸ್ಸಿಗೆ ಬಂದ ಮೇಲೆ.

ಎರಡು ವರ್ಷದ ಹಿಂದೆ ಗುಂಪಿಗೆ ಏಳನೆಯವರಾಗಿ ಒಬ್ಬ ಹೆಣ್ಣುಮಗಳು ಸೇರಿದಳು. ನಿಟ್ಟೂರಿನ ಕಡೆಯವಳು. ಐಟಿಐಯಲ್ಲಿ ಟರ್ನರ್ ಕಲಿತು, ಮದುವೆಯಾಗಿ ಸಾಗರಕ್ಕೆ ಬಂದು, ಎರಡು ಹಳೆಯ ಲೇತು ಹಾಕಿಕೊಂಡು ಶೆಡ್ಡು ತೆರೆದಿದ್ದಳು. ಓರಗಿತ್ತಿಗೂ ಕೆಲಸ ಕಲಿಸಿ ಎರಡನೇ ಲೇತಿಗೆ ನಿಲ್ಲಿಸಿಕೊಂಡಿದ್ದಳು. ಶೆಡ್ಡು ಮೇಷ್ಟ್ರ ಮನೆಯಿಂದ ಎರಡೇ ಓಣಿ ಆಚೆ. ಹೊಸಬಳು, ಕೆಲಸ ಜಾಗ್ರತೆಯಿಂದ ನೋಡಬೇಕು ಎಂದು ಮೇಷ್ಟ್ರು ಸುತ್ತು ಶುರುಮಾಡುವುದೇ ಅಲ್ಲಿಂದ ಎಂದು ಗೊತ್ತುಮಾಡಿಕೊಂಡರು.

ಆ ವರ್ಷದ ಮಳೆಗಾಲದಲ್ಲಿ ಕಂಪನಿಯಿಂದ ಅವಳ ಬುಷ್‌ಗಳು ವಾಪಸು ಬಂದವು. ತೂತು ದೊಡ್ಡದು ಎಂಬ ಚೀಟಿಯೊಂದಿಗೆ. ಮೇಷ್ಟ್ರು ತಾವೇ ಅಳೆದು ಸರಿ ಎಂದು ಕಳಿಸಿದ್ದ ಮಾಲು. ಮೂರು ವಾರದಲ್ಲಿ ಎರಡನೇ ಸಲ ಬಂದವು. ಉಳಿದ ಆರು ಜನರದು ಒಂದೂ ಬರಲಿಲ್ಲ. ಒಂದೇ ಮಳೆಗಾಲದಲ್ಲಿ ಮೂರು ಸಲ ಮಾಲು ವಾಪಸಾದವರನ್ನು ಗುಂಪಿನಿಂದ ಕೈಬಿಡಬೇಕು ಎಂಬುದು ಮೇಷ್ಟ್ರೇ ಬರೆದ ನಿಯಮ. ಎರಡು ಲೇತಿನ ಶೆಡ್ಡಿಗೆ ಯಾವ ಕಂಪನಿಯೂ ನೇರ ಆರ್ಡರು ಕೊಡುವುದಿಲ್ಲ. ಗುಂಪು ಬಿಟ್ಟರೆ ಅವಳು ಶೆಡ್ಡಿನ ಬಾಗಿಲು ಹಾಕಬೇಕಿತ್ತು.

ಮೂರನೆಯ ಸಲವೂ ವಾಪಸು ಬಂತು. ಶನಿವಾರ ಸಂಜೆ ಸಭೆ ಕರೆದರು.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಲೇತು ನಡೆಸುವ ಮಹಿಳೆಯ ಬಗ್ಗೆ ಒಂದು ಲೇಖನ ಬೇಕೆಂದು ಕಚೇರಿಯವರು ಹೇಳಿದ್ದರಿಂದ ಶುಕ್ರವಾರ ಬೆಳಿಗ್ಗೆ ಅವಳ ಶೆಡ್ಡಿಗೆ ಹೋದೆ.

"ಇವತ್ತು ಬರ್ಕೊಳ್ಳಿ" ಎಂದಳು. "ಮುಂದಿನ ವಾರ ಬಂದಿದ್ರೆ ಲೇಖನ ಬೇರೆ ಆಗ್ತಿತ್ತು." ವಿಷಯ ಏನೆಂದು ಅವಳೇ ಹೇಳಿದಳು. ಗೊಣಗಲಿಲ್ಲ. ತಾನು ಎಲ್ಲಿ ತಪ್ಪುತ್ತಿದ್ದೇನೆಂದು ಗೊತ್ತಾದರೆ ಸಾಕು, ಗೊತ್ತಾಗದೆ ಹೋಗುವುದೇ ಕಷ್ಟ ಎಂದಳು.

ಅಷ್ಟರಲ್ಲಿ ಮೇಷ್ಟ್ರು ಪೆಟ್ಟಿಗೆ ಅವಚಿಕೊಂಡು ಬಂದರು. ನನ್ನನ್ನು ನೋಡಿ, "ಬಂದ್ರಾ? ಲೇತು ಅನ್ನೋದನ್ನ ಸರಿಯಾಗಿ ಬರೀರಿ. ಹೋದ ಸಲ ಕೊರೆಯೋ ಯಂತ್ರ ಅಂತ ಬರ್ದಿದೀರಿ" ಎಂದರು. ನಾನು ಫೋಟೋಗೆ ಮೊಬೈಲು ತೆಗೆದು, ಅವಳು ಗೇಜು ಹಿಡಿದು ಅಳೆಯುತ್ತಿರುವಂತೆ ಒಂದು ಚಿತ್ರ ಬೇಕು ಎಂದೆ.

"ಗೇಜು ಕೊಡಕ್ಕಾಗಲ್ಲ. ಸುಮ್ನೆ ಬುಷ್ ಹಿಡ್ಕಳ್ಳಿ" ಎಂದರು ಮೇಷ್ಟ್ರು.

"ಒಂದು ನಿಮಿಷ ಮೇಷ್ಟ್ರೇ. ನಾಳೆಯಿಂದ ನಾ ಕೇಳಿದ್ರೂ ಕೊಡೋದು ಬೇಡ" ಎಂದಳು ಅವಳು.

ಮೇಷ್ಟ್ರು ಪೆಟ್ಟಿಗೆ ತೆರೆದರು. ಉಣ್ಣೆಯ ಬಟ್ಟೆ ಬಿಚ್ಚಿ ಗೇಜನ್ನು ಅವಳ ಅಂಗೈಗೆ ಇಟ್ಟರು. ನಾನು ಮೊಬೈಲು ಎತ್ತಿ ಹಿಡಿದಿದ್ದೆ. ಅವಳು ಕ್ಯಾಮೆರಾ ನೋಡಲಿಲ್ಲ. ಕೈಯನ್ನೇ ನೋಡುತ್ತಿದ್ದಳು.

"ಮೇಷ್ಟ್ರೇ, ಇದು ಬೆಚ್ಚಗಿದೆ."

"ನಿನ್ ಕೈ ಬಿಸಿ ಇರ್ಬೇಕು ಮಾರಾಯ್ತಿ. ಅದಕ್ಕೇ ಮುಟ್ಬೇಡಿ ಅನ್ನೋದು."

"ಈಗಷ್ಟೇ ತಣ್ಣೀರಲ್ಲಿ ತೊಳ್ದಿದ್ದು ನಾನು. ನೀವೇ ನೋಡಿ."

ಮೇಷ್ಟ್ರು ಗೇಜನ್ನು ತೆಗೆದುಕೊಂಡು, ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿಕೊಂಡರು. ಇಷ್ಟು ವರ್ಷದಲ್ಲಿ ಅದನ್ನು ಅವರು ಬರಿಮೈಗೆ ತಾಗಿಸಿಕೊಂಡದ್ದು ಅದೇ ಮೊದಲು. ಆ ಮೇಲೆ ಅದನ್ನು ಲೇತಿನ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಇಟ್ಟು, ಸ್ಟೂಲಿನ ಮೇಲೆ ಕೂತರು.

"ಮನೇಲಿ ಎಲ್ಲಿ ಇಡ್ತೀರಿ ಅದನ್ನ?" ಎಂದು ಅವಳು ಕೇಳಿದಳು.

"ಬಚ್ಚಲೊಲೆ ಗೂಡಲ್ಲಿ."

ಸಾಗರದ ಮಳೆಗಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಬೀಗದ ಕೈಗೂ ತುಕ್ಕು, ಚಪ್ಪಲಿಗೂ ಬೂಸಲು. ಒಣಗಬೇಕಾದ್ದು, ಕೆಡಬಾರದ್ದು ಎಲ್ಲವೂ ಬಚ್ಚಲಿನ ನೀರೊಲೆಯ ಪಕ್ಕದ ಗೋಡೆಗೂಡಿಗೆ ಸೇರುತ್ತದೆ. ಬೆಂಕಿಪೆಟ್ಟಿಗೆ, ಉಪ್ಪಿನ ಡಬ್ಬಿ, ಹಂಡೆಯ ಮೇಲೆ ಹರಡಿದ ಬನಿಯನ್ನು. ಉಕ್ಕಿಗೆ ಕೈಯ ಕಾವು ತಾಗಬಾರದೆಂದು ಊರಿಗೆಲ್ಲ ಪಾಠ ಹೇಳಿದವರು, ತುಕ್ಕಿನ ಹೆದರಿಕೆಗೆ ಗೇಜನ್ನು ರಾತ್ರಿಯಿಡೀ ಕೆಂಡದ ಪಕ್ಕ ಮಲಗಿಸುತ್ತಿದ್ದರು. ಬೆಳಿಗ್ಗೆ ಅದನ್ನು ಉಣ್ಣೆಯಲ್ಲಿ ಸುತ್ತಿ, ಕಾವು ಒಂದಿಷ್ಟೂ ಆರದಂತೆ ತರುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಮೊದಲ ಶೆಡ್ಡು ಪೇಟೆಯ ಆ ತುದಿಗಿತ್ತು. ಅಲ್ಲಿಗೆ ಹೋಗಿ, ಪೆಟ್ಟಿಗೆ ತೆರೆದಿಟ್ಟು ಚಹಾ ಕುಡಿದು ಕೆಲಸ ಶುರುಮಾಡುವ ಹೊತ್ತಿಗೆ ಅದು ತಣಿಯುತ್ತಿತ್ತು. ಈಗ ಎರಡು ಓಣಿ ದಾಟಿದರೆ ಇವಳ ಶೆಡ್ಡು. ಹಿಗ್ಗಿದ ಗೇಜಿನಿಂದ ಅಳೆದರೆ ದೊಡ್ಡ ತೂತೂ ಸರಿ ಎಂದೇ ಕಾಣುತ್ತದೆ. ಸರಿಯಾಗಿಯೇ ಇದ್ದ ತೂತಿಗೆ ಅದು ಹೋಗುವುದಿಲ್ಲ, ಇನ್ನೊಂದಿಷ್ಟು ಕೊರೆ ಎಂದು ಹೇಳಿಸುತ್ತದೆ. ಅವಳು ಕೊರೆದಿದ್ದಳು.

ನನಗೆ ನಗು ಬಂತು. ಅವರಿಬ್ಬರ ಮುಖ ನೋಡಿ ಮೊಬೈಲನ್ನು ಜೇಬಿಗೆ ಹಾಕಿದೆ.

ಅರ್ಧ ಗಂಟೆ ಕಾದು, ವಾಪಸು ಬಂದಿದ್ದ ಬುಷ್ಷೊಂದಕ್ಕೆ ಗೇಜು ಹಾಕಿದರು. ಹೋಗಬಾರದ ತುದಿ ಸಲೀಸಾಗಿ ಹೋಯಿತು. ಇನ್ನೊಂದಕ್ಕೂ ಹೋಯಿತು.

ನಾನು ಹೊರಟಾಗ ಮೇಷ್ಟ್ರು ಗೇಟಿನವರೆಗೆ ಬಂದರು. "ಪೇಪರಲ್ಲಿ ತಪ್ಪಾದ್ರೆ ನೀವು ಹೆಂಗೆ ಹೇಳ್ತೀರಿ?" ಎಂದು ಕೇಳಿದರು.

"ಒಳಪುಟದ ಮೂಲೇಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು."

"ಜಾಣರು" ಎಂದರು.

ಅವರೆದುರು ಬೇರೆ ದಾರಿಯೂ ಇತ್ತು. ಇನ್ನು ಮುಂದೆ ಗೇಜನ್ನು ತಣ್ಣಗಿಟ್ಟು, ಹೆಣ್ಣುಮಗಳು, ಈ ಸಲ ಕ್ಷಮಿಸೋಣ ಎಂದು ಸಭೆಯಲ್ಲಿ ಹೇಳಿದ್ದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ನಿಜವನ್ನೇ ಹೇಳಿದರೆ ಅದು ಅವಳೊಬ್ಬಳಿಗೆ ಮುಗಿಯುವ ಮಾತಾಗಿರಲಿಲ್ಲ. ಇವರ ಅಳತೆಯನ್ನೇ ನಂಬಬಾರದೆಂದು ಕಂಪನಿ ಏಳೂ ಶೆಡ್ಡಿನ ಆರ್ಡರು ನಿಲ್ಲಿಸಬಹುದಿತ್ತು.

ಸಭೆಗೆ ನಾನೂ ಹೋದೆ. ತೀರ್ಥಹಳ್ಳಿಯ ಮಾಲೀಕರೊಬ್ಬರು, ಗುಂಪಿನಲ್ಲಿ ಮಾತು ಬಲ್ಲವರು, ಮೊದಲು ಎದ್ದರು.

"ಹೆಂಗಸ್ರು ಲೇತು ನಡೆಸ್ಬಾರ್ದು ಅಂತ ನಾ ಹೇಳಲ್ಲ. ಆದ್ರೆ..."

"ಆದ್ರೆ ಅಂದ್ಮೇಲೆ ಹೇಳಿದ್ ಹಂಗೇ ಆಯ್ತಲ್ಲ ಮಾರಾಯ್ರೆ" ಎಂದಳು ಅವಳು, ಕೂತಲ್ಲಿಂದಲೇ.

ಮೇಷ್ಟ್ರು ಎದ್ದು ನಿಂತರು. "ಅವ್ಳದ್ದೇನೂ ತಪ್ಪಿಲ್ಲ. ತಪ್ಪು ನಂದು. ಗೇಜನ್ನ ನಾನು ಬಚ್ಚಲೊಲೆ ಗೂಡಲ್ಲಿ ಇಡ್ತಿದ್ದೆ." ನಡೆದದ್ದನ್ನು ಒಂದೊಂದಾಗಿ ಹೇಳಿದರು. ಯಾರೂ ನಗಲಿಲ್ಲ. ಕೊನೆಗೆ ಹೊಸನಗರದವರು ಕೇಳಿದರು: "ಇದನ್ನ ಕಂಪನಿಗೆ ಎಂತ ಅಂತ ಬರಿಯೋದು? ಬಚ್ಚಲೊಲೆ ಅಂತ ಬರಿಯಕ್ಕಾಗ್ತದಾ?"

"ಬರ್ದಾಗಿದೆ" ಎಂದು ಮೇಷ್ಟ್ರು ಪತ್ರದ ನಕಲು ಮೇಜಿನ ಮೇಲೆ ಇಟ್ಟರು. "ಬೆಳಿಗ್ಗೆನೇ ಕಳ್ಸಿದೀನಿ. ಇಲ್ಲಿ ಕೇಳಿದ್ರೆ ನೀವು ಬೇಡ ಅಂತಿದ್ರಿ."

ಗದ್ದಲವಾಯಿತು. ಅದು ಇಳಿದ ಮೇಲೆ ತೀರ್ಥಹಳ್ಳಿಯವರೇ ಅವಳ ಕಡೆ ತಿರುಗಿ, "ಸರಿ, ನಿಮ್ ಹೆಸ್ರು ಉಳೀತು ಬಿಡಿ" ಎಂದರು.

"ಹೆಸ್ರು ಉಳೀತು. ಬುಷ್‌ಗಳು?" ಎಂದಳು ಅವಳು. "ಮೂರು ಸಲದ್ದೂ ಹೊಸ್ದಾಗಿ ಮಾಡ್ಬೇಕು. ಇಬ್ರಿಂದ ಆಗಲ್ಲ. ಮುಯ್ಯಾಳು ಅಂತೀರಲ್ಲ, ಒಬ್ಬೊಬ್ರೂ ಒಂದೊಂದ್ ದಿನ ನನ್ ಶೆಡ್ಡಿಗೆ ಬನ್ನಿ. ನನ್ನ ತೆಗೀಬೇಕು ಅಂದವ್ರು ಎರಡು ದಿನ."

ತೀರ್ಥಹಳ್ಳಿಯವರು ಎರಡು ದಿನಕ್ಕೆ ಒಪ್ಪಿದರು. ಅವರೊಬ್ಬರೇ ಅಲ್ಲ, ಇನ್ನೂ ಮೂವರು ಬಾಯಿಬಿಡದೆ ಎರಡೆರಡು ಬೆರಳು ತೋರಿಸಿದರು. ಗೇಜನ್ನು ಅವಳ ಶೆಡ್ಡಿನಲ್ಲೇ ಇಡುವುದೆಂದೂ ಅಲ್ಲೇ ತೀರ್ಮಾನವಾಯಿತು.

ಕಂಪನಿ ಆರ್ಡರು ನಿಲ್ಲಿಸಲಿಲ್ಲ. ಒಬ್ಬ ಎಂಜಿನಿಯರನ್ನು ಕಳಿಸಿತು. ಪತ್ರ ಓದಿ ನಂಬಿಕೆಯಾಗದೆ ಅವರು ಆ ಗೂಡನ್ನೇ ನೋಡಬೇಕೆಂದರು. ಮೇಷ್ಟ್ರ ಮನೆಯವರು ಕಾಫಿ ಕೊಟ್ಟು, ಬಚ್ಚಲಿಗೆ ಕರೆದುಕೊಂಡು ಹೋಗಿ, "ಇಲ್ಲೇ, ಸೀಗೆಪುಡಿ ಡಬ್ಬಿ ಪಕ್ಕ. ನಾ ಬೇಡ ಅಂದಿದ್ದೆ. ಆದ್ರೆ ನಾ ಬೇಡ ಅಂದಿದ್ದು ಅದು ಜಾಗ ಹಿಡೀತದೆ ಅಂತ, ಉಕ್ಕಿನ ವಿಷ್ಯ ನಂಗೆಂತ ಗೊತ್ತು" ಎಂದರಂತೆ. ಎಂಜಿನಿಯರ್ ಗೂಡಿನ ಫೋಟೋ ತೆಗೆದುಕೊಂಡು ಹೋದರು. ಯಾರೂ ಕೇಳದಿದ್ದರೂ ತಪ್ಪನ್ನು ಇಷ್ಟು ಸ್ಪಷ್ಟವಾಗಿ ಬರೆದು ಕಳಿಸಿದವರ ಮಾಲನ್ನು ನಂಬಬಹುದು ಎಂದು ಅವರು ಕಾರ್ಯದರ್ಶಿಗೆ ಹೇಳಿದರಂತೆ.

ಮುಯ್ಯಿಗೆ ಮೊದಲು ಹೋದವರು ಮೇಷ್ಟ್ರೇ. ಲೇತು ಮುಟ್ಟಿ ಹತ್ತು ವರ್ಷದ ಮೇಲಾಗಿತ್ತು, ಕಣ್ಣೂ ಮೊದಲಿನಂತಿರಲಿಲ್ಲ. ನನ್ನ ಲೇಖನದ ಫೋಟೋ ಇನ್ನೂ ಆಗಬೇಕಿತ್ತಾದ್ದರಿಂದ ನಾನೂ ಅಲ್ಲಿದ್ದೆ. ಅಂಗಿಯ ತೋಳು ಮಡಚಿ, ಕನ್ನಡಕ ಏರಿಸಿ, ಅವಳ ಓರಗಿತ್ತಿಯನ್ನು ಪಕ್ಕಕ್ಕೆ ಸರಿಸಿ ನಿಂತು, ಒಂದು ಬುಷ್ ಕೊರೆಯಲು ಅರ್ಧ ಗಂಟೆ ತೆಗೆದುಕೊಂಡರು. ಅವಳು ಅಷ್ಟರಲ್ಲಿ ನಾಲ್ಕು ಮುಗಿಸಿದ್ದಳು. ಬುಷ್ಷನ್ನು ಒರೆಸಿ ಅವಳ ಕೈಗೆ ಕೊಟ್ಟರು. ಅವಳು ಗೇಜಿನ ಒಂದು ತುದಿ ಹಾಕಿದಳು, ಹೋಯಿತು. ಇನ್ನೊಂದು ತುದಿ ಹಾಕಿದಳು. ಅದೂ ಹೋಯಿತು.

"ಆಗಲ್ಲ ಮೇಷ್ಟ್ರೇ" ಎಂದು ಬುಷ್ಷನ್ನು ಗುಜರಿ ಡಬ್ಬಿಗೆ ಹಾಕಿದಳು.

ನಾನು ಅವರ ಉತ್ತರಕ್ಕೆ ಕಾದೆ. ಅವರು ಗುಜರಿ ಡಬ್ಬಿಯ ಕಡೆ ಒಮ್ಮೆ, ಗೇಜಿನ ಕಡೆ ಒಮ್ಮೆ ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆ ಮೇಲೆ ಇನ್ನೊಂದು ಉಕ್ಕಿನ ತುಂಡು ಎತ್ತಿ ಲೇತಿಗೆ ಬಿಗಿದು, ಯಂತ್ರ ಶುರುಮಾಡಿದರು.